ಅಂಕಿ ಏರಿದ ದಿನದ ಕಾಫಿ

"ಏರಿದ ದಿನ ಕಾಫಿ ಸೌಟಣ್ಣನದ್ದೇ, ಅಕ್ಕ. ಕೂದಲು ಕತ್ತರಿಸ್ಕೊಳ್ಳೋಕೆ ಬಂದೋರಿಗೂ ಸರಿ, ಸುಮ್ನೆ ಪೇಪರ್ ತಿರುವೋಕೆ ಬಂದೋರಿಗೂ ಸರಿ. ಬೇಡ ಅಂದ್ರೆ ಮುನಿಸ್ಕೊಳ್ತಿದ್ದ."

ಕ್ಷೌರದಂಗಡಿಯವನು ಗಿರಾಕಿಯ ಕತ್ತಿನ ಸುತ್ತ ಬಿಳಿ ಬಟ್ಟೆ ಬಿಗಿಯುತ್ತ ಹೇಳಿದ. ಮಾತು ಅಕ್ಕನ ಜೊತೆ, ಕಣ್ಣು ಕನ್ನಡಿಯಲ್ಲಿ.

"ಏನು ಏರಿದ ದಿನ?"

"ಅದೇ, ನಿಮ್ಮ ತಮ್ಮನ ಬೋರ್ಡು! ಚೀನಾ ದುಡ್ಡಿನ ಸಾಲು. ಬೆಳಿಗ್ಗೆ ನಾನು ಬಾಗಿಲು ತೆಗೆಯೋದೇ ತಡ, ಸೌಟಣ್ಣ ಬಂದು ಕಿಟಕಿ ಪಕ್ಕದ ಕುರ್ಚಿ ಹಿಡೀತಿದ್ದ. ಒಂದು ಯೂರೋಗೆ ಎಂಟು ಯುವಾನ್ ಅಂತ ಇದ್ದಿದ್ದು ಎಂಟೂ ಹತ್ತು ಆಯ್ತು ಅನ್ನಿ, ಎಲ್ಲರಿಗೂ ಕಾಫಿ. ಎಂಟೂ ಇಪ್ಪತ್ತಾದ್ರೆ ಜೊತೆಗೆ ಬಿಸ್ಕತ್ತು."

ಬಟ್ಟೆಯೊಳಗಿದ್ದ ಗಿರಾಕಿ ನಕ್ಕ. "ನಾನೂ ಕುಡಿದಿದ್ದೀನಿ, ಎರಡು ಸಲ."

ಅಕ್ಕ ನಗಲಿಲ್ಲ. ಗಾಜಿನಾಚೆ ನೋಡಿದಳು. ರಸ್ತೆಯ ಆ ಬದಿಗೆ ತಮ್ಮನ ಅಂಗಡಿ, ದೇಶದೇಶದ ನೋಟು ಬದಲಾಯಿಸುವ ಕೌಂಟರು. ನೆತ್ತಿಯ ಮೇಲೆ ಕಪ್ಪು ಬೋರ್ಡಿನಲ್ಲಿ ಕೆಂಪು ಅಂಕಿಗಳು ಮಿನುಗುತ್ತಿದ್ದವು. ಕೆಳಗೆ ದೊಡ್ಡಕ್ಷರದಲ್ಲಿ 'ಕಮಿಷನ್ ಇಲ್ಲ' ಎಂಬ ಫಲಕ. ಆ ಅಕ್ಷರಗಳಿಗೆ ಬಣ್ಣ ಆರಿಸಿಕೊಟ್ಟವಳು ಅವಳೇ.

ಯೂರೋ ನಡೆಯುವ ಆ ಬಂದರು ಊರಿನ ಜನಕ್ಕೆಲ್ಲ ಅವಳು ಅಕ್ಕ. ಪೊಲೀಸು ಇಲಾಖೆಯ ವಂಚನೆ ವಿಭಾಗದಲ್ಲಿ ತಲೆ ನರೆಸಿಕೊಂಡು, ಈಗ ಸ್ವಂತಕ್ಕೆ ಪತ್ತೆ ಕೆಲಸ ಮಾಡುವವಳು. ಹುಟ್ಟಿದಾಗಿನಿಂದ ಅಕ್ಕ ಎಂದು ಕರೆದವನು ಮಾತ್ರ ಒಬ್ಬನೇ, ಎದುರಿನ ಗಾಜಿನ ಹಿಂದೆ ಕುಳಿತವನು.

ಸೌಟಣ್ಣನ ಹೆಣ ಬಂದರಿನ ಕಲ್ಲುಮೆಟ್ಟಿಲ ಬುಡದಲ್ಲಿ ಸಿಕ್ಕಿ ವಾರ ಕಳೆದಿತ್ತು. ಕಾಲು ಜಾರಿ ಬಿದ್ದ ಎಂದು ಪೊಲೀಸರು ಕೈತೊಳೆದುಕೊಂಡಿದ್ದರು. ಅವನ ಮಗಳು ಒಪ್ಪದೆ ಅಕ್ಕನ ಬಳಿ ಬಂದಿದ್ದಳು.

"ಇಳಿದ ದಿನ?" ಅಕ್ಕ ಕೇಳಿದಳು.

"ಇಳಿದ ದಿನ ಮುಖಾನೂ ಇಳೀತಿತ್ತು. 'ನನ್ನ ಹೋಟ್ಲಿನ ಒಂದು ಗೋಡೆ ಬಿತ್ತು ಕಣಯ್ಯಾ' ಅಂತಿದ್ದ. ಪಾಪ, ಹೋಟ್ಲು ಅಂದ್ರೆ ಏನು, ನಾಲ್ಕು ಮೇಜು ಹಿಡಿಯೋ ಜಾಗ. ಬಸ್ ನಿಲ್ದಾಣದ ಹಿಂದೆ. ಮುಂಗಡ ಕೊಡೋಕೆ ಅಂತಲೇ ಚೀನಾದಲ್ಲಿ ದುಡಿದು ತಂದಿದ್ದ."

"ಸತ್ತ ದಿನ ಬಂದಿದ್ನಾ?"

ಕತ್ತರಿ ನಿಂತಿತು.

"ಬಂದಿದ್ದ. ಬೋರ್ಡಿನಲ್ಲಿ ಎಂಟೂ ನಲವತ್ತು. ಅಷ್ಟು ಮೇಲೆ ಹೋಗಿದ್ದೇ ಇಲ್ಲ. 'ಸಾಕು, ಇವತ್ತು ಬದಲಾಯಿಸಿಬಿಡ್ತೀನಿ' ಅಂತ ಎದ್ದ. ನನ್ನ ಬಾಚಣಿಗೆ ಇಸ್ಕೊಂಡು ತಲೆ ಬಾಚ್ಕೊಂಡ, ಅಕ್ಕ. ಶರ್ಟಿನ ಮೇಲಿನ ಗುಂಡಿ ಹಾಕ್ಕೊಂಡ. ಹೆಣ್ಣು ನೋಡೋಕೆ ಹೊರಟೋರ ಹಾಗೆ. ನಾನು ತಮಾಷೇನೂ ಮಾಡ್ದೆ."

"ಆಮೇಲೆ?"

"ಆಮೇಲೇನು, ರಸ್ತೆ ದಾಟಿದ. ನಿಮ್ಮ ತಮ್ಮನ ಬಾಗಿಲು ತಳ್ಕೊಂಡು ಒಳಗೆ ಹೋದ. ಹೊರಗೆ ಬಂದಿದ್ದು ನಾನು ಕಾಣೆ. ಒಬ್ಬರ ಗಡ್ಡಕ್ಕೆ ಸೋಪು ಹಚ್ಚಿದ್ದೆ."

ಸತ್ತ ದಿನ ಸೌಟಣ್ಣ ಅಂಗಡಿಗೆ ಬಂದೇ ಇರಲಿಲ್ಲ ಎಂದು ತಮ್ಮ ಹೇಳಿದ್ದ. ಅವಳು ಎರಡನೇ ಸಲ ಕೇಳಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದಳು.

*

ಸೌಟಣ್ಣನ ಮಗಳು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸದವಳು. ಅಕ್ಕ ಹೋದಾಗ ಯಂತ್ರದ ಮುಂದೆ ಬಗ್ಗಿ ಒಂದು ಗಾಜಿನ ಅಂಚು ಸವೆಸುತ್ತಿದ್ದಳು. ತಣ್ಣೀರು ಸಣ್ಣ ಧಾರೆಯಾಗಿ ಬೀಳುತ್ತಿತ್ತು. ಅಕ್ಕನನ್ನು ಕಂಡು ಯಂತ್ರ ನಿಲ್ಲಿಸಿದಳು, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ಏನಾದ್ರೂ ಗೊತ್ತಾಯ್ತಾ, ಅಕ್ಕ?"

"ಒಂದು ಮಾತು ಕೇಳ್ಬೇಕಿತ್ತು. ದುಡ್ಡು ನನ್ನ ತಮ್ಮನ ತಿಜೋರಿ ಸೇರಿದ್ರೂ, ಬದಲಾಯಿಸೋಕೆ ನಿಮ್ಮಪ್ಪ ಅಷ್ಟು ದಿನ ಯಾಕೆ ಕಾದ್ರು?"

"ದರ ಏರಲಿ ಅಂತ. ನಿಮ್ಮ ತಮ್ಮನೇ ಹೇಳಿದ್ರಂತಲ್ಲ. 'ಅವಸರ ಬೇಡ ಸೌಟಣ್ಣ, ಬೋರ್ಡು ನೋಡ್ತಿರು, ಅಂಕಿ ಏರಲಿ' ಅಂತ." ಹುಡುಗಿ ಮೂಗು ಒರೆಸಿಕೊಂಡಳು. "ನಾನು ಬ್ಯಾಂಕಿಗೆ ಹೋಗಪ್ಪ ಅಂದಿದ್ದೆ. ಕೇಳ್ಲಿಲ್ಲ. ಅಕ್ಕನ ತಮ್ಮ ಅಂದ್ಮೇಲೆ ಮೋಸ ಇರಲ್ಲ ಅಂದ್ರು. ನೀವೇ ಅಲ್ವಾ ಅವರನ್ನ ಅಲ್ಲಿಗೆ ಕಳಿಸಿದ್ದು."

ಅದು ಆರೋಪವಾಗಿರಲಿಲ್ಲ. ಹುಡುಗಿ ಅದನ್ನು ಕೃತಜ್ಞತೆಯಿಂದಲೇ ಹೇಳಿದ್ದಳು. ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕುಳಿತಳು.

"ಎಷ್ಟಿತ್ತು ಒಟ್ಟು?"

"ಬಂದ ದಿನ ಖರ್ಚಿಗೆ ತೆಗೆದದ್ದು ಕಳೆದು ತೊಂಬತ್ತಾರು ಸಾವಿರ ಯುವಾನ್. ಅಲ್ಲಿನ ಹಡಗುಕಟ್ಟೆಯ ಕ್ಯಾಂಟೀನಿನಲ್ಲಿ ಆರು ವರ್ಷ ಸೌಟು ತಿರುವಿದ್ದು. ಎಲ್ಲಾ ನೂರರ ನೋಟು."

"ಬೋರ್ಡು ಎಂಟು ಇದ್ದಾಗ ಅದಕ್ಕೆ ಎಷ್ಟು ಯೂರೋ ಬರ್ತಿತ್ತು?"

"ಹನ್ನೆರಡು ಸಾವಿರ." ಹುಡುಗಿಗೆ ಬಾಯಿಪಾಠವಾಗಿತ್ತು. ಆ ಲೆಕ್ಕವನ್ನು ಅಪ್ಪ ಮಗಳು ಎಷ್ಟು ಸಲ ಹಾಕಿದ್ದರೋ.

"ಎಂಟೂ ನಲವತ್ತು ಆದಾಗ?"

"ಇನ್ನೂ ಜಾಸ್ತಿ... ಅಂದ್ರೆ..." ಅವಳು ತಡೆದಳು. ತುಟಿ ಅಲ್ಲಾಡಿಸುತ್ತ ಭಾಗಿಸಿದಳು. ಮತ್ತೊಮ್ಮೆ ಭಾಗಿಸಿದಳು. "ಹನ್ನೊಂದು ಸಾವಿರದ ನಾನ್ನೂರು ಚಿಲ್ಲರೆ ಬರ್ತಿದೆ. ಎಲ್ಲೋ ತಪ್ಪಿದೆ."

"ತಪ್ಪಿಲ್ಲಮ್ಮ."

"ಏರಿದೆಯಲ್ಲ ಅಕ್ಕ! ಏರಿದ್ರೆ ಕಡಿಮೆ ಹೇಗೆ ಆಗುತ್ತೆ?"

"ಏರಿದ್ದು ಯೂರೋದ ಬೆಲೆ. ನಿಮ್ಮಪ್ಪ ಯೂರೋ ಕೊಳ್ಳೋಕೆ ಹೋದವರು, ಕೈಲಿದ್ದದ್ದು ಯುವಾನ್. ಈರುಳ್ಳಿ ಕೊಳ್ಳೋಕೆ ಚೀಲ ಹಿಡಿದು ಹೋಗ್ತೀಯಾ ಅಂದ್ಕೋ. ಕಿಲೋ ಎಂಟಿದ್ದದ್ದು ಎಂಟೂವರೆ ಆದ್ರೆ ನೀನು ಕುಣೀತೀಯಾ? ಅಷ್ಟೇ ದುಡ್ಡಿಗೆ ಚೀಲ ಹಗುರ ಆಗುತ್ತೆ. ಬೋರ್ಡಿನಲ್ಲಿ ಅಂಕಿ ಇಳಿದ ದಿನವೇ ನಿಮ್ಮಪ್ಪನಿಗೆ ಒಳ್ಳೇ ದಿನ."

ನೀರಿನ ಧಾರೆ ಬೀಳುತ್ತಲೇ ಇತ್ತು. ಅದನ್ನು ನಿಲ್ಲಿಸುವುದು ಅವಳಿಗೆ ಮರೆತುಹೋಗಿತ್ತು.

"ಏರಿತು ಅಂತ ಫೋನ್ ಮಾಡ್ದಾಗೆಲ್ಲ ನಾನು ಶಭಾಷ್ ಅಪ್ಪಾ ಅಂತಿದ್ದೆ," ಎಂದಳು ಕೊನೆಗೆ. "ಇನ್ನೊಂದೆರಡು ದಿನ ತಡಿ ಅಂತ ನಾನೂ ಅಂದೆ. ಒಂದು ಸಲ ಕೂತು ಭಾಗಿಸಿ ನೋಡಿದ್ರೆ ಸಾಕಿತ್ತು. ಎಂಟರ ಲೆಕ್ಕ ಮಾಡಿಟ್ಕೊಂಡ್ವಿ, ಆಮೇಲೆ ಮಾಡ್ಲೇ ಇಲ್ಲ. ಏರಿದೆ ಅಂದ್ಮೇಲೆ ಯಾಕೆ ಮಾಡ್ಬೇಕು ಅಂತ."

"ಬೋರ್ಡು ನೋಡಿದವರೆಲ್ಲ ಹಾಗೇ ಅಂದ್ಕೊಳ್ತಾರಮ್ಮ."

"ನಿಮ್ಮ ತಮ್ಮನೂ ಹಾಗೇ ಅಂದ್ಕೊಂಡ್ರಾ?"

ಅಕ್ಕ ಎದ್ದು ನೀರಿನ ನಲ್ಲಿ ತಿರುವಿ ನಿಲ್ಲಿಸಿದಳು. ಗೊತ್ತಿದ್ದದ್ದನ್ನು ಈ ಹುಡುಗಿಯ ಮುಂದೆ ಆಡುವ ಧೈರ್ಯವಿರಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಬೋರ್ಡಿನ ಅನ್ನ ತಿನ್ನುವವನಿಗೆ ಏರಿದರೆ ಯಾರಿಗೆ ಲಾಭ, ಇಳಿದರೆ ಯಾರಿಗೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಅವನು ಕಾಯಲು ಹೇಳಿದ್ದು ಅರಿಯದೆ ಅಲ್ಲ. ಹಾಗಾದರೆ ಅವನಿಗೆ ಬೇಕಾಗಿದ್ದದ್ದು ಕಾಲ. ನೋಟು ಕೊಡೆಂದು ಕೇಳುವವನ ಮುಂದೆ ದಿನ ದೂಡುವ ಅಂಗಡಿಯವರನ್ನು ಅವಳು ಬದುಕಿಡೀ ಹಿಡಿದಿದ್ದಳು. ಅವರೆಲ್ಲರದ್ದೂ ಒಂದೇ ಕಾರಣ. ನೋಟು ಅಲ್ಲಿ ಇರುತ್ತಿರಲಿಲ್ಲ.

*

"ಶಟರ್ ಇಳಿಸು."

"ಈಗ್ಲೇನಾ? ಊಟದ ಹೊತ್ತಿಗೆ ಇನ್ನೂ..."

"ಇಳಿಸು ಅಂದೆ."

ತಮ್ಮ ಅಕ್ಕನ ಮುಖ ನೋಡಿದ, ಗುಂಡಿ ಒತ್ತಿದ. ಶಟರ್ ಗರಗರ ಎನ್ನುತ್ತ ಇಳಿದು ಬೀದಿಯನ್ನು ಮುಚ್ಚಿತು. ಒಳಗೆ ಟ್ಯೂಬ್‌ಲೈಟಿನ ಬೆಳಕು ಮಾತ್ರ ಉಳಿಯಿತು.

ಇಕ್ಕಟ್ಟಾದ ಜಾಗ. ದಪ್ಪ ಗಾಜು, ಅದರಡಿ ನೋಟು ಜಾರಿಸುವ ತೂತು, ನೋಟೆಣಿಸುವ ಯಂತ್ರ, ಬೆರಳು ಒದ್ದೆ ಮಾಡಿಕೊಳ್ಳಲು ಬಟ್ಟಲಲ್ಲಿ ಸ್ಪಂಜು, ಹುಲ್ಲುಕಟ್ಟಿನಂತೆ ಗಂಟುಗಂಟಾಗಿ ರಬ್ಬರ್ ಬ್ಯಾಂಡು. ಗಾಜಿನ ಒಳಬದಿಗೆ ಗಿರಾಕಿಗಳು ಕೂರುವಂತಿಲ್ಲ. ಅಕ್ಕ ಅಲ್ಲೇ ಕುರ್ಚಿ ಎಳೆದುಕೊಂಡು ಅವನ ಮಂಡಿಗೆ ಮಂಡಿ ತಾಗುವಂತೆ ಕುಳಿತಳು. ಹಿಂದೆ, ಪರದೆಯಾಚೆ, ಅವನು ಊಟದ ಡಬ್ಬಿ ಬಿಚ್ಚುವ ಸಣ್ಣ ಕೋಣೆ.

ಊರಿನವರು ಅವನನ್ನು 'ಚಿಲ್ಲರೆ' ಎಂದು ಕರೆಯುತ್ತಿದ್ದರು. ಅವನಿಗೆ ಅದರ ಬೇಸರವಿರಲಿಲ್ಲ. ನಾನು ಚಿಲ್ಲರೆ ಮನುಷ್ಯನೇ ಬಿಡಿ, ಅನ್ನುತ್ತಿದ್ದ. ಈಗ ಅವನ ಮುಖದಲ್ಲಿ ನಗುವಿರಲಿಲ್ಲ.

"ಸೌಟಣ್ಣ ಸತ್ತ ದಿನ ಇಲ್ಲಿಗೆ ಬಂದಿರಲಿಲ್ಲ ಅಂದೆ."

"ಹೂಂ."

"ಬಂದಿದ್ದ. ತಲೆ ಬಾಚ್ಕೊಂಡು ಬಂದಿದ್ದ."

ತಮ್ಮ ಸ್ಪಂಜಿನ ಮೇಲೆ ಬೆರಳಿಟ್ಟ. ಸುಮ್ಮನೆ ಒತ್ತುತ್ತಲೇ ಇದ್ದ.

"ಏರಲಿ, ಕಾಯಿ ಅಂತ ಅವನಿಗೆ ಹೇಳ್ದೋನು ನೀನು. ಏರಿದ್ರೆ ಅವನಿಗೆ ನಷ್ಟ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಅವನು ದಿನಾ ಎದುರುಗಡೆ ಕೂತು ತನ್ನ ನಷ್ಟಕ್ಕೆ ಊರಿಗೆಲ್ಲ ಕಾಫಿ ಕುಡಿಸ್ತಿದ್ದ ಕಣೋ. ಅದು ಗೊತ್ತಿತ್ತಾ?"

"ಗಾಜಿನಿಂದ ಕಾಣ್ತಿತ್ತು." ಅವನ ದನಿ ನೆಲಕ್ಕಿಳಿದಿತ್ತು. "ನನಗೂ ಒಂದು ಕಪ್ಪು ಕಳಿಸ್ತಿದ್ದ, ಅಕ್ಕ."

ಅಕ್ಕ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಎಷ್ಟು ಜನರನ್ನು ಹೀಗೆ ಎದುರು ಕೂರಿಸಿಕೊಂಡಿದ್ದಳು. ಮುಂದಿನ ಪ್ರಶ್ನೆ ಯಾವುದೆಂದು ಅವಳಿಗೆ ಗೊತ್ತಿತ್ತು.

"ಎಷ್ಟು ಖರ್ಚು ಮಾಡ್ಕೊಂಡೆ?"

"ಏನು?"

"ಅವನ ದುಡ್ಡಲ್ಲಿ ಎಷ್ಟು ಬಳಸ್ಕೊಂಡೆ? ನನ್ನ ಹತ್ರ ಕೇಳಿದ್ರೆ ಕೊಡ್ತಿರಲಿಲ್ವೇನೋ ನಾನು?"

ತಮ್ಮ ತಲೆಯೆತ್ತಿದ. ಬೈದರೆ ತಿರುಗಿ ಬೈಯುವವನು, ಹೊಡೆದರೆ ಅಳುವವನು. ಈಗ ಎರಡೂ ಮಾಡಲಿಲ್ಲ. ಬೀದಿಯಲ್ಲಿ ಯಾರೋ ಅಪರಿಚಿತರು ಹೆಸರು ತಪ್ಪಾಗಿ ಕರೆದಂತೆ ಅವಳನ್ನು ನೋಡಿದ.

"ಕದ್ದೆ ಅಂದ್ಕೊಂಡ್ಯಾ, ಅಕ್ಕ?"

"ಅಂದ್ಕೊಂಡೆ."

ಅವನು ಎದ್ದ. ಕಾಲ ಬಳಿಯ ತಿಜೋರಿಗೆ ಕೀಲಿ ಹಾಕಿ ತಿರುವಿದ. ಒಳಗಿಂದ ನೀಲಿ ಬಟ್ಟೆಯ ಚೀಲ ತೆಗೆದು ಅವಳ ತೊಡೆಯ ಮೇಲಿಟ್ಟ. ಅಕ್ಕನಿಗೆ ಅದು ನೋಡಿದೊಡನೆ ಗುರುತಾಯಿತು. ಸೌಟಣ್ಣ ಎದೆಗವಚಿಕೊಂಡು ತಂದಿದ್ದ ಚೀಲ.

"ಒಂದು ನೋಟೂ ಮುಟ್ಟಿಲ್ಲ. ಎಣಿಸ್ಕೋ."

ನೂರರ ಕಟ್ಟುಗಳು, ಒಂದರ ಮೇಲೊಂದು. ದುಡ್ಡು ಇಲ್ಲೇ ಇದೆ. ಹಾಗಾದರೆ ದಿನ ದೂಡಿದ್ದು ಯಾಕೆ?

ತಮ್ಮ ಒಂದು ಕಟ್ಟು ಬಿಚ್ಚಿದ. ಮೇಜಿನ ಮೂಲೆಯಲ್ಲಿದ್ದ, ನೋಟು ಪರೀಕ್ಷಿಸುವ ನೇರಳೆ ದೀಪ ಹಾಕಿದ, ಟ್ಯೂಬ್‌ಲೈಟು ಆರಿಸಿದ. ಮೇಲಿನ ನೋಟನ್ನು ದೀಪದಡಿ ಹಿಡಿದ. ಕಾಗದ ಕಪ್ಪಗೆ ಮುಳುಗಿತು. ನೂರರ ಅಂಕಿಯೊಂದೇ ಕಿತ್ತಳೆ ಬಣ್ಣದಲ್ಲಿ ಎದ್ದು ನಿಂತಿತು.

"ಇದು ಅಸಲಿ."

ಎರಡನೆಯದನ್ನು ಹಿಡಿದ. ನೋಟಿಡೀ ಬೆಳ್ಳಗೆ, ಒಗೆದ ಅಂಗಿಯ ಹಾಗೆ ಹೊಳೆಯಿತು. ಅಂಕಿ ಎಲ್ಲೂ ಇರಲಿಲ್ಲ. ಮೂರನೆಯದು ಹಾಗೇ. ನಾಲ್ಕನೆಯದು ಹಾಗೇ. ಅವನು ಹಿಡಿಯುತ್ತ ಹೋದ, ಅಕ್ಕ ಸಾಕು ಎನ್ನುವವರೆಗೆ.

"ಎಲ್ಲಾ ಕಟ್ಟೂ ಹೀಗೇ. ಮೇಲೊಂದು ಕೆಳಗೊಂದು ಒಳ್ಳೇ ನೋಟು, ನಡುವೆ ಪೂರ್ತಿ ಖೋಟಾ. ನನ್ನ ಕೈಗೆ ಬಂದಾಗ ನೋಡ್ಲಿಲ್ಲ. ನಿನ್ನ ಮಾತಿನ ಮೇಲೆ ಬಂದ ಚೀಲ, ತಿಜೋರೀಲಿಟ್ಟೆ ಅಷ್ಟೆ. ಸೌಟಣ್ಣ ಮೊದಲ ಸಲ ಬದಲಾಯಿಸಿಕೊಡು ಅಂತ ಬಂದ ದಿನ ತೆಗೆದೆ. ಅವನು ಗಾಜಿನ ಆ ಕಡೆ ಕೈಕಟ್ಕೊಂಡು ನಗ್ತಾ ನಿಂತಿದ್ದ. 'ಹೋಟ್ಲಿಗೆ ಮೊದಲ ಗಿರಾಕಿ ನೀನೇ ಆಗ್ಬೇಕು, ದುಡ್ಡು ತಗೊಳಲ್ಲ' ಅಂದ. ಏನು ಹೇಳ್ಲಿ ನಾನು? ಬಾಯಿಗೆ ಬಂದಿದ್ದು ಅದೊಂದೇ. ಇವತ್ತು ಬೇಡ ಸೌಟಣ್ಣ, ದರ ಏರಲಿ."

"ಅವನಿಗೇ ಯಾರೋ ಅಲ್ಲಿ ಮೋಸ ಮಾಡಿರಬಹುದಲ್ಲ. ಚೀನಾದಲ್ಲೇ."

"ನಾನೂ ಹಾಗೇ ಅಂದ್ಕೊಳ್ಳೋಕೆ ನೋಡ್ದೆ. ಆದ್ರೆ ಅವನು ಚೀನಾದ ಬ್ಯಾಂಕಿನಿಂದ ತಗೊಂಡ ದುಡ್ಡು ಅದು. ಇಲ್ಲಿಗೆ ಇಳಿದ ದಿನ ಇದೇ ಕಟ್ಟುಗಳ ನಡುವಿನಿಂದ ಒಂದಿಷ್ಟು ಎಳೆದು ಬಂದರಿನ ಬ್ಯಾಂಕಿನಲ್ಲಿ ಬದಲಾಯಿಸ್ಕೊಂಡಿದ್ದ, ಖರ್ಚಿಗೆ ಅಂತ. ಅಲ್ಲಿ ಯಾರೂ ತಕರಾರು ಮಾಡಿಲ್ಲ. ಅಂದ್ರೆ ಆ ದಿನ ಒಳ್ಳೇ ನೋಟೇ ಇತ್ತು."

"ಮತ್ತೆ ಈ ಖೋಟಾ ಎಲ್ಲಿಂದ ಬಂತು? ಚೀನಾ ನೋಟಿನ ಖೋಟಾ ಈ ಊರಲ್ಲಿ ಯಾರ ಹತ್ರ ಸಿಗುತ್ತೆ?"

ತಮ್ಮ ನೇರಳೆ ದೀಪ ಆರಿಸಿದ. ಟ್ಯೂಬ್‌ಲೈಟು ಹಾಕಲಿಲ್ಲ. ಶಟರಿನ ಸಂದಿಯಿಂದ ಬಂದ ಬೆಳಕಿನ ಗೆರೆ ಅವನ ಕೈಗಳ ಮೇಲೆ ಬಿದ್ದಿತ್ತು.

"ಒಂದೇ ಸಲ ನೋಡಿದ್ದೆ ಅಂಥದ್ದನ್ನ. ಸುಂಕದ ಕಚೇರಿಯವರು ಒಂದು ಹಡಗಿನಲ್ಲಿ ಹಿಡಿದಿದ್ರು. ಅಸಲಿಯೋ ನಕಲಿಯೋ ನೋಡಿ ಹೇಳು ಅಂತ ನನ್ನ ಕರೆಸಿದ್ರು." ಅವನು ಅಲ್ಲಿಗೆ ನಿಲ್ಲಿಸಿದ.

ಕರೆಸಿದ್ದು ಯಾರು ಎಂದು ಅಕ್ಕ ಕೇಳಲಿಲ್ಲ. ಆಗ ಅಲ್ಲಿ ಹಿಡಿದ ಮಾಲು ಇಡುವ ಗೋದಾಮಿನ ಉಸ್ತುವಾರಿ ಯಾರದೆಂದು ಅವಳಿಗೆ ಗೊತ್ತಿತ್ತು. ಆ ಕೆಲಸದಿಂದ ನಿವೃತ್ತರಾಗಿ ಬಂದ ದಿನ ಅವರ ಕೊರಳಿನ ಹಾರ ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿದ್ದವಳು ಅವಳೇ.

"ಈ ಚೀಲ ನಿನ್ನ ಕೈಗೆ ಬರೋ ಮೊದಲು ಎಲ್ಲಿತ್ತು?" ಎಂದಳು. ತನ್ನ ದನಿ ತನಗೇ ಬೇರೆಯವರದ್ದೆನಿಸಿತು.

"ಬೇಡ, ಅಕ್ಕ."

"ಹೇಳೋ."

"ನಿನ್ನ ಬೀರುವಿನಲ್ಲಿ."

ಹೌದು. ಸೌಟಣ್ಣ ಬಂದ ದಿನ ಅಂಗಡಿಗೆ ರಜೆ. ಅವನಿದ್ದದ್ದು ಆರು ಜನ ಒಟ್ಟಿಗೆ ಮಲಗುವ ಕೋಣೆಯಲ್ಲಿ. ಅಲ್ಲಿ ದುಡ್ಡಿಡಬೇಡ ಸೌಟಣ್ಣ, ನಮ್ಮ ಬೀರುವಿನಲ್ಲಿರಲಿ, ರಜೆ ಮುಗಿದ ಮೇಲೆ ತಮ್ಮನಿಗೆ ತಲುಪಿಸ್ತೀವಿ ಎಂದವಳು ಅವಳು. ಕಳಿಸುವ ದಿನ ಅವಳಿಗೆ ಬೇರೆ ಕೆಲಸ ಬಿತ್ತು. ನಾನು ಆ ಕಡೆಗೇ ಹೋಗ್ತಿದ್ದೀನಿ, ಕೊಟ್ಟು ಬರ್ತೀನಿ ಬಿಡು ಎಂದವರು ಅವಳ ಗಂಡ, ಆ ಗೋದಾಮಿನ ಹಳೆಯ ಉಸ್ತುವಾರಿ.

ಎಷ್ಟು ಒಳ್ಳೆಯವರು ಎಂದುಕೊಂಡಿದ್ದಳು ಅವಳು. ಚೀಲದ ಬಾಯಿಗೆ ತಾನೇ ಗಂಟು ಹಾಕಿಕೊಟ್ಟಿದ್ದಳು.

"ಅವರನ್ನ ಕೇಳಿದ್ಯಾ?"

"ಕೇಳ್ದೆ. ಭಾವ ಮೊದಲು ನನಗೇನು ಗೊತ್ತು ಅಂದ್ರು. ಆಮೇಲೆ ಬಾಗಿಲು ಹಾಕ್ಕೊಂಡು, ಸ್ವಲ್ಪ ದಿನ ಕೊಡು, ಎಲ್ಲಾ ಸರಿ ಮಾಡ್ತೀನಿ, ನಿನ್ನಕ್ಕನ ಕಿವಿಗೆ ಮಾತ್ರ ಬೀಳಬಾರದು ಅಂದ್ರು. ಅಕ್ಕ, ಭಾವ ನನ್ನ ಕೈ ಹಿಡ್ಕೊಂಡ್ರು. ನಿನ್ನ ಮನೆ ಒಡೆಯೋ ಮಾತು ನನ್ನ ಬಾಯಿಂದ ಬರೋದು ಬೇಡ ಅಂತ ನಾನೂ ಸುಮ್ಮನಾದೆ. ಸರಿ ಮಾಡ್ತಾರೆ ಅಂತ ನಂಬ್ದೆ. ದಿನಾ ಬೋರ್ಡು ತೋರಿಸ್ತಾ ಬಂದೆ."

ಅಕ್ಕನಿಗೆ ಅವನನ್ನು ಕಳ್ಳನೆಂದದ್ದು ನೆನಪಾಯಿತು. ಹಿಂದಕ್ಕೆ ತೆಗೆದುಕೊಳ್ಳುವಂಥ ಮಾತಲ್ಲ ಅದು. ಕೈ ಚಾಚಿ ಅವನ ಒದ್ದೆ ಬೆರಳುಗಳನ್ನು ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಆ ದಿನ ಏನಾಯ್ತು?"

"ಇವತ್ತು ಬದಲಾಯಿಸ್ಲೇಬೇಕು ಅಂತ ಕೂತ್ಬಿಟ್ಟ. ಎಂಟೂ ನಲವತ್ತು ಆಗಿದೆಯಲ್ಲ, ಇನ್ನೇನು ಬೇಕು ಅಂದ. ಇನ್ನೂ ಏರುತ್ತೆ ಅಂದೆ. 'ಬೇಡಪ್ಪ, ಇಷ್ಟೇ ಸಾಕು, ದುರಾಸೆ ಮಾಡಬಾರದು' ಅಂದ." ತಮ್ಮ ಶಟರಿನ ಕಡೆ ನೋಡಿದ. "ಆ ಮಾತಿಗೆ ನನ್ನಿಂದ ತಡ್ಕೊಳ್ಳೋಕಾಗ್ಲಿಲ್ಲ. ಹೇಳಿಬಿಟ್ಟೆ. ಅಂಕಿ ಏರೋದು ಅಂದ್ರೆ ಏನು ಅನ್ನೋದನ್ನೂ ಹೇಳ್ದೆ, ದೀಪ ಹಾಕಿ ನೋಟೂ ತೋರಿಸ್ದೆ."

"ಕೂಗಾಡಿದ್ನಾ?"

"ಕೂಗಾಡಿದ್ರೆ ಚೆನ್ನಾಗಿತ್ತು. ಒಂದು ನೋಟು ಕೈಗೆ ತಗೊಂಡು ಉಜ್ಜಿ ಉಜ್ಜಿ ನೋಡ್ದ, ಅಷ್ಟೇ. ಆಮೇಲೆ ಈ ಚೀಲ ನಿನಗೆ ತಂದುಕೊಟ್ಟಿದ್ದು ಯಾರು ಅಂದ."

"ಹೇಳಿದ್ಯಾ?"

"ಹೇಳ್ದೆ. ಎದ್ದ. ಅಕ್ಕನ ಮನೆಗೆ ಹೋಗಿ ಬರ್ತೀನಿ, ಅಕ್ಕ ಇದ್ರೆ ನ್ಯಾಯ ಸಿಗುತ್ತೆ ಅಂದ. ಹೋದ."

ಆ ದಿನ ಅಕ್ಕ ಊರಲ್ಲಿರಲಿಲ್ಲ. ಇನ್ನೊಂದು ಕೇಸಿನ ಸಾಕ್ಷಿ ಹೇಳಲು ಬೆಳಿಗ್ಗೆಯೇ ರೈಲು ಹತ್ತಿದ್ದಳು. ಸಂಜೆ ಮನೆಗೆ ಬಂದು, ಯಾರಾದರೂ ಬಂದಿದ್ದರಾ ಎಂದು ಚಪ್ಪಲಿ ಬಿಡುತ್ತ ಕೇಳಿದ್ದಳು. ಒಂದು ನರಪಿಳ್ಳೆಯೂ ಬಂದಿಲ್ಲ ಎಂದಿದ್ದರು ಗಂಡ, ಪೇಪರಿನಿಂದ ತಲೆಯೆತ್ತದೆ. ಬಂದರಿನ ಮೆಟ್ಟಿಲುಗಳು ಅವರ ಮನೆಯಿಂದ ಎರಡು ತಿರುವು.

ತಾನು ಮನೆಯಲ್ಲಿದ್ದಿದ್ದರೆ. ಆ ಸಾಕ್ಷಿಯನ್ನು ಇನ್ನೊಂದು ದಿನಕ್ಕೆ ಹಾಕಿಸಿಕೊಂಡಿದ್ದರೆ. ಬೀರುವಿನ ಬಾಗಿಲು ತೆರೆದು ಇಲ್ಲಿಡು ಎನ್ನದೇ ಇದ್ದಿದ್ದರೆ. ಎಲ್ಲಕ್ಕೂ ಮೊದಲು, ನನ್ನ ಮನೆಯವರ ಮೇಲೆ ನಂಬಿಕೆಯಿಡು ಎಂದು ಆ ಸೌಟು ಹಿಡಿದ ಕೈಯನ್ನು ಹಿಡಿದು ಹೇಳದೇ ಇದ್ದಿದ್ದರೆ.

"ಅಕ್ಕ, ಭಾವ ಹಾಗೆಲ್ಲ ಮಾಡೋರಲ್ಲ. ಮೆಟ್ಟಿಲ ಹತ್ರ ಜಾರಿ ಬಿದ್ದಿದ್ದೇ ಇರಬಹುದು. ಕಣ್ಣು ಕತ್ತಲೆ ಬಂದು..."

"ಇರಬಹುದು," ಎಂದಳು ಅಕ್ಕ.

ಹಾಗಿರಲಿ ಎಂದು ಇಷ್ಟೊಂದು ಬೇಡಿಕೊಂಡು ಅವಳು ಯಾವ ಕೇಸನ್ನೂ ನೋಡಿರಲಿಲ್ಲ.

ಶಟರಿನ ಮೇಲೆ ಯಾರೋ ತಟ್ಟಿದರು.

ಇಬ್ಬರೂ ಅಲುಗಾಡಲಿಲ್ಲ. ಗಿರಾಕಿಯಿರಬೇಕು, ಹೋಗುತ್ತಾನೆ. ಮತ್ತೆ ತಟ್ಟಿದರು, ಈ ಸಲ ಬೆರಳ ಗೆಣ್ಣಿನಿಂದ, ಮೆಲ್ಲಗೆ. ಆಮೇಲೆ ತಗಡಿಗೆ ಬಾಯಿ ಹತ್ತಿರ ತಂದು ಆಡಿದ ಮಾತು ಕೇಳಿಸಿತು. ಬದುಕಿನ ಅರ್ಧದಷ್ಟು ಕಾಲ ಅಕ್ಕ ದಿನವೂ ಕೇಳಿದ್ದ ದನಿ.

"ಏನಯ್ಯಾ, ಒಳಗಿದ್ದೀಯಾ? ನಾನು."

ತಮ್ಮ ಅಕ್ಕನ ಕಡೆ ತಿರುಗಿದ. ಅವಳು ಆಗಲೇ ಎದ್ದು ನಿಂತಿದ್ದಳು. ಚೀಲವನ್ನು ಅವನ ಕುರ್ಚಿಯ ಮೇಲಿಟ್ಟು, ಸದ್ದಾಗದಂತೆ ಪರದೆಯ ಕಡೆಗೆ ಹೆಜ್ಜೆಯಿಟ್ಟಳು.

"ನಿನ್ನಕ್ಕ ಇನ್ನೂ ಇಲ್ಲಿಗೆ ಬಂದಿಲ್ಲ ತಾನೇ?"

ತಮ್ಮನ ಕಣ್ಣು ಅವಳ ಮುಖದಲ್ಲಿ ನೆಟ್ಟಿತ್ತು. ಏನು ಹೇಳಲಿ ಎಂದು ಕೇಳುತ್ತಿದ್ದ. ಇಲ್ಲ ಎಂದರೆ ಇನ್ನು ಹಿಂದಿರುಗುವ ದಾರಿಯಿಲ್ಲ, ಪರದೆಯ ಹಿಂದೆ ನಿಲ್ಲುವವಳು ಹೆಂಡತಿಯಲ್ಲ. ಹೌದು ಎಂದರೆ ಗಂಡ ಒಳಗೆ ಬರುತ್ತಾರೆ, ನಗುತ್ತಾರೆ, ಊಟಕ್ಕೆ ಹೋಗೋಣ ಬಾ ಎನ್ನುತ್ತಾರೆ, ಬೇಕಾದರೆ ಅವಳು ಎಲ್ಲವನ್ನೂ ಮರೆಯಬಹುದು. ಕನ್ನಡಕದಂಗಡಿಯ ಹಿಂಬದಿಯ ಆ ಹುಡುಗಿಯೊಬ್ಬಳನ್ನು ಬಿಟ್ಟು.

ಅಕ್ಕ ಇಲ್ಲವೆಂಬಂತೆ ತಲೆಯಾಡಿಸಿದಳು.

"ಇನ್ನೂ ಬಂದಿಲ್ಲ, ಭಾವ," ಎಂದ ತಮ್ಮ.

"ಸದ್ಯ. ಬೇಗ ತೆಗಿ ಬಾಗಿಲು. ಆ ಚೀಲ ಇವತ್ತೇ ಸುಟ್ಟುಬಿಡ್ಬೇಕು. ಮೆಟ್ಟಿಲ ಹತ್ರ ನಮ್ಮನ್ನ ನೋಡಿದವರು ಒಬ್ಬರಿದ್ದಾರೆ."

ಪರದೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಅಕ್ಕ ನಿಂತಳು. ತಮ್ಮ ಗುಂಡಿಯ ಮೇಲೆ ಬೆರಳಿಟ್ಟ. ಶಟರ್ ಗರಗರ ಎನ್ನುತ್ತ ಏಳತೊಡಗಿತು. ಮೊದಲು ಗಂಡನ ಚಪ್ಪಲಿ ಕಾಣಿಸಿತು. ಅದರ ಪಕ್ಕದಲ್ಲೇ ಇನ್ನೊಂದು ಜೊತೆ, ಹೆಂಗಸಿನದು. ಗಂಡ ಆಡಿದ 'ನಮ್ಮನ್ನ' ಎಂಬ ಮಾತಿನಲ್ಲಿ ಇವಳೂ ಇದ್ದಳು.